ಅಪ್ಪನಿಗೆ 63 ವರ್ಷ, ಕಾಮಾಲೆ ಆಗಿದೆ. ನೆಲನೆಲ್ಲಿಯನ್ನು ಹಾಲಿನಲ್ಲಿ ಕೊಡಬೇಕೋ ಮಜ್ಜಿಗೆಯಲ್ಲೋ, ಎಷ್ಟು ದಿನ?

"ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ, ಆಸ್ಪತ್ರೆಗೆ ಹೋದರೆ ಡ್ರಿಪ್ ಹಾಕಿ ಬಿಲ್ ಮಾಡ್ತಾರೆ ಅಷ್ಟೆ" ಅಂತ ಪ್ರಶ್ನೆಯ ಕೊನೆಗೆ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. 2019ರ ಆಗಸ್ಟಿನಲ್ಲಿ ಸಾಗರದ ಹತ್ತಿರದ ನಮ್ಮೂರ ಮನೆಯ ಜಗಲಿಯಲ್ಲಿ ಕೂತು ನಾನು ತಮ್ಮನಿಗೆ ಹೇಳಿದ್ದು ಹೆಚ್ಚೂಕಮ್ಮಿ ಇದನ್ನೇ. ಅವನು ಕಾರು ತೆಗೀತೇನೆ ಅಂದಿದ್ದ. ಬೇಡ ಅಂದವಳು ನಾನು, ಮನೆಯಲ್ಲಿ ಓದಿದವಳು, ಬ್ಯಾಂಕಿನ ಕೆಲಸದವಳು.

ನನಗೆ ಆ ಧೈರ್ಯ ಎಲ್ಲಿಂದ ಬಂತು ಅಂದರೆ, ಏಳನೇ ಕ್ಲಾಸಿನಲ್ಲಿ ನನಗೂ ಕಾಮಾಲೆ ಆಗಿತ್ತು. ಕಣ್ಣು ಅರಿಶಿನ ಮೆತ್ತಿದ ಹಾಗೆ, ಅನ್ನ ಕಂಡರೆ ವಾಕರಿಕೆ. ಆಯಿ, ಅಂದರೆ ನನ್ನ ಅಮ್ಮ, ತೋಟದ ಅಂಚಿನಿಂದ ನೆಲನೆಲ್ಲಿ ಬೇರುಸಮೇತ ಕಿತ್ತು ತಂದು, ಜೀರಿಗೆ ಹಾಕಿ ಅರೆದು, ದನದ ಹಾಲಿಗೆ ಕಲಸಿ ಮೂರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸಿದಳು. ಉಪ್ಪಿಲ್ಲದ ಅನ್ನ-ಮಜ್ಜಿಗೆ. ಮೂರು ವಾರಕ್ಕೆ ಶಾಲೆಗೆ ಹೋದೆ. ನೆಲನೆಲ್ಲಿ ಗೆದ್ದಿತು! ಅದೇ ಶಾಲೆಯ ಬಾವಿ ನೀರು ಕುಡಿದು ಇನ್ನೂ ಇಬ್ಬರು ಮಕ್ಕಳು ಮಲಗಿದ್ದರು. ಅವರಲ್ಲಿ ಒಬ್ಬಳಿಗೆ ಅವರ ಮನೆಯಲ್ಲಿ ಗ್ಲೂಕೋಸ್ ಪುಡಿ ಬಿಟ್ಟರೆ ಏನೂ ಕೊಡಲಿಲ್ಲ. ಅವಳೂ ನನ್ನ ಜೊತೆಗೇ ಶಾಲೆಗೆ ಬಂದಳು. ಅದು ನೆನಪಿತ್ತು, ಆದರೆ ಅದಕ್ಕೊಂದು ಅರ್ಥ ಇದೆ ಅಂತ ಹೊಳೆಯಲಿಲ್ಲ. ನೀರಿನಿಂದ ಬರುವ ಹೆಪಟೈಟಿಸ್ ಎ ಅನ್ನುವ ಯಕೃತ್ತಿನ ವೈರಸ್ ಸೋಂಕು ಬಹುಪಾಲು ಮಕ್ಕಳಲ್ಲಿ ಕೆಲವು ವಾರಕ್ಕೆ ತಾನಾಗಿ ಇಳಿಯುತ್ತದೆ. ಹಾಲು ಕೊಟ್ಟರೂ ಇಳಿಯುತ್ತದೆ, ಮಜ್ಜಿಗೆ ಕೊಟ್ಟರೂ ಇಳಿಯುತ್ತದೆ. ಅದಕ್ಕೆ ನೇರವಾದ ಇಂಗ್ಲಿಷ್ ಮದ್ದಿಲ್ಲ ಅನ್ನುವುದೂ ನಿಜವೇ. ಅರ್ಧ ನಿಜವಾದ್ದರಿಂದಲೇ ಆ ಮಾತು ಇಷ್ಟು ವರ್ಷ ಊರಲ್ಲಿ ಓಡಾಡುತ್ತಿದೆ.

ಅಪ್ಪಯ್ಯನಿಗೆ ಆಗ 66. ಶನಿವಾರ ಶಿವಮೊಗ್ಗದಿಂದ ನಾನು ಊರಿಗೆ ಹೋದಾಗ ಕಣ್ಣು ಹಳದಿ. ತಾಲ್ಲೂಕಿನ ಡಾಕ್ಟರು ರಕ್ತ ತೆಗೆಸಿದರು. ಬಿಲಿರುಬಿನ್, ಅಂದರೆ ಕಣ್ಣನ್ನು ಹಳದಿ ಮಾಡುವ ರಕ್ತದಲ್ಲಿನ ಪಿತ್ತದ ಬಣ್ಣ, 9.8. ಒಂದರ ಆಸುಪಾಸು ಇರಬೇಕಾದ್ದು. "ಹೊಟ್ಟೆಯದ್ದೊಂದು ಸ್ಕ್ಯಾನಿಂಗ್ ಮಾಡಿಸಿ" ಅಂತ ಚೀಟಿ ಬರೆದುಕೊಟ್ಟರು. ಸ್ಕ್ಯಾನಿಂಗಿನವರು ಬರುವುದು ಬುಧವಾರ. ಆ ಚೀಟಿಯನ್ನು ನಾನೇ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಭಾನುವಾರ ನಾಟಿ ವೈದ್ಯರ ಮನೆಗೆ ಹೋದೆವು. ಇವರ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಈ ಕಥೆ ಕೇಳಿದವರೆಲ್ಲ ಬೈಯುವುದು ಅವರನ್ನೇ. ತೆಂಗಿನಕಾಯಿ, ವೀಳ್ಯ, ಹನ್ನೊಂದು ರೂಪಾಯಿ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ. ಅಪ್ಪಯ್ಯನ ಕಣ್ಣು, ಉಗುರು ನೋಡಿದರು. ಸೊಪ್ಪು ಕೊಟ್ಟರು. ಎಣ್ಣೆ, ಉಪ್ಪು, ಅರಿಶಿನ, ಒಗ್ಗರಣೆ ಯಾವುದೂ ಕೂಡದು ಅಂದರು. ಆಮೇಲೆ ಅಂದರು: "ಐದು ದಿನ ನೋಡಿ. ಕಡಿಮೆ ಆಗ್ಲಿಲ್ಲ ಅಂದ್ರೆ ನನ್ನ ಹತ್ರ ಬರಬೇಡಿ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ." ಇದಕ್ಕಿಂತ ಸರಿಯಾದ ಮಾತನ್ನು ಯಾವ ಡಾಕ್ಟರು ಹೇಳಿಯಾರು?

ಐದನೇ ದಿನ ಮತ್ತೆ ರಕ್ತ ಕೊಟ್ಟೆವು. 6.1. ಇಳಿದಿತ್ತು! ನಾನು ಆ ಕಾಗದದ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆಲ್ಲ ಹಾಕಿದೆ. ಸ್ಕ್ಯಾನಿಂಗಿನ ಬುಧವಾರ ಆಗಲೇ ಕಳೆದುಹೋಗಿತ್ತು. ಖುಷಿಯಿಂದ ವೈದ್ಯರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ: "ಅಮ್ಮಾ, ಅವ್ರಿಗೆ ಹೊರಕಡಿಗೆ ಹೋಗೋದು ಎಂಥ ಬಣ್ಣ ಇದೆ ನೋಡಿದ್ರಾ?"

"ಎಲ್ಲ ಸರಿ ಇದೆ" ಅಂದೆ.

ನಾನು ನೋಡಿರಲಿಲ್ಲ. ಕೇಳಿರಲಿಲ್ಲ. ಅಪ್ಪಯ್ಯನ ಹತ್ತಿರ ಮಗಳು ಅದನ್ನೆಲ್ಲ ಕೇಳುವುದುಂಟೇ? ಪಕ್ಕದ ಕೋಣೆಯಲ್ಲೇ ಇದ್ದ. ಬಾಗಿಲಿಗೆ ಹೋಗಿ ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ನಾಚಿಕೆಯಾಯಿತು, ವೈದ್ಯರಿಗೆ ಬೇಗ ಉತ್ತರ ಕೊಡಬೇಕಿತ್ತು, ಕೈಯಲ್ಲಿ 6.1ರ ಕಾಗದ ಬೇರೆ ಇತ್ತು. "ಸರಿ ಇದೆ" ಅಂತ ಬಾಯಿಂದ ಬಂದುಬಿಟ್ಟಿತು. ಡಾಕ್ಟರು ಮೊದಲ ದಿನವೇ ಇದನ್ನು ಅಪ್ಪಯ್ಯನ ಹತ್ತಿರ ಕೇಳಿದ್ದರಂತೆ. ಅವನೂ "ಸರಿ ಇದ್ದು" ಅಂದಿದ್ದ. ಅವನಿಗಾದರೋ ನೆಪವಿದೆ. ನಮ್ಮ ಪಾಯಿಖಾನೆ ಬಚ್ಚಲುಮನೆಯ ಹಿಂದೆ, ಮಳೆಗಾಲದ ಬೆಳಿಗ್ಗೆ ಅಲ್ಲಿ ಕೈ ಚಾಚಿದರೆ ಕೈ ಕಾಣುವುದಿಲ್ಲ. ನನಗೆ ಯಾವ ನೆಪವೂ ಇಲ್ಲ. ಈ ಒಂದು ಉತ್ತರವನ್ನು ನಾನು ಸಾವಿರ ಸಲ ತಿರುಗಿಸಿ ನೋಡಿದ್ದೇನೆ. ನೆಲನೆಲ್ಲಿ ಕೊಟ್ಟದ್ದು ತಪ್ಪಲ್ಲ. ವೈದ್ಯರ ಮನೆಗೆ ಹೋದದ್ದೂ ತಪ್ಪಲ್ಲ. ಚೀಟಿ ಕ್ಯಾಲೆಂಡರಿನ ಹಿಂದೆ ಉಳಿದದ್ದನ್ನೂ ಈ ಉತ್ತರ ಸರಿಯಾಗಿದ್ದರೆ ಸರಿಪಡಿಸಬಹುದಿತ್ತು. ಬಣ್ಣ ಗೊತ್ತಾಗಿದ್ದರೆ ವೈದ್ಯರೇ ಆ ಕ್ಷಣ ನಮ್ಮನ್ನು ಹೊರಡಿಸುತ್ತಿದ್ದರು. ಆಮೇಲೆ ಸಿಕ್ಕಾಗ ಅವರೇ ಹಾಗಂದರು, ಬೇಜಾರಿನಿಂದ.

ಬಣ್ಣ ಯಾಕೆ ಮುಖ್ಯ ಅಂತ ಸ್ವಲ್ಪ ಉದ್ದ ಹೇಳುತ್ತೇನೆ, ಬೈದುಕೊಳ್ಳಬೇಡಿ. ಮಲಕ್ಕೆ ಕಂದು ಬಣ್ಣ ಬರುವುದು ಪಿತ್ತದಿಂದ. ಯಕೃತ್ತಿನಲ್ಲಿ ತಯಾರಾದ ಪಿತ್ತ ನಾಳದಲ್ಲಿ ಇಳಿದು ಕರುಳಿಗೆ ಬರಬೇಕು. ನಾಳ ಕಟ್ಟಿಕೊಂಡರೆ ಪಿತ್ತ ಕರುಳಿಗೆ ಬರುವುದೇ ಇಲ್ಲ. ಮಲ ಬೂದಿ ಬಣ್ಣಕ್ಕೆ, ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಹೊರಗೆ ಹೋಗಬೇಕಾದ್ದು ರಕ್ತಕ್ಕೆ ಮರಳಿ ಮೂತ್ರ ಕಾಫಿ ಡಿಕಾಕ್ಷನ್ನಿನ ಹಾಗಾಗುತ್ತದೆ, ಮೈಯೆಲ್ಲ ತುರಿಸುತ್ತದೆ. ಅಂದರೆ ಕಾಮಾಲೆ ಅನ್ನುವುದು ಒಂದು ರೋಗದ ಹೆಸರಲ್ಲ. ಕಣ್ಣು ಹಳದಿಯಾಗಿದೆ ಅಂತಷ್ಟೆ ಅದರ ಅರ್ಥ. ಒಳಗೆ ವೈರಸ್ ಇರಬಹುದು, ಪಿತ್ತನಾಳದಲ್ಲಿ ಕಲ್ಲು ಇರಬಹುದು, ಕುಡಿತದಿಂದ ಕೆಟ್ಟ ಯಕೃತ್ತು ಇರಬಹುದು, ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಗಡ್ಡೆ ಇರಬಹುದು, ನಮ್ಮ ಕಡೆ ಗದ್ದೆ-ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇಲಿಜ್ವರವೂ ಇರಬಹುದು.

ಅಪ್ಪಯ್ಯನಿಗೆ ಇದ್ದದ್ದು ಕಲ್ಲು. ಹಾಗಾದರೆ 9.8 ಇದ್ದದ್ದು 6.1ಕ್ಕೆ ಇಳಿದದ್ದು ಹೇಗೆ? ನಾನೂ ಡಾಕ್ಟರನ್ನು ಇದನ್ನೇ ಕೇಳಿದೆ, ಸ್ವಲ್ಪ ಜಗಳದ ದನಿಯಲ್ಲೇ. ತೋಟದ ಬಸಿಗಾಲುವೆಗೆ ಅಡಿಕೆ ಹಾಳೆ ಅಡ್ಡ ಬಿದ್ದದ್ದು ನೋಡಿದ್ದೀರಾ? ನೀರು ಕಟ್ಟುತ್ತದೆ, ಒತ್ತಡ ಹೆಚ್ಚಾದಾಗ ಹಾಳೆ ಒಂಚೂರು ಮಗುಚಿ ನೀರು ಹರಿಯುತ್ತದೆ, ಮತ್ತೆ ಕೂತುಕೊಳ್ಳುತ್ತದೆ. ನಾಳದ ಕಲ್ಲೂ ಹಾಗೆಯೇ. ಮಗುಚಿದ ದಿನ ರಕ್ತ ಕೊಟ್ಟರೆ ಅಂಕಿ ಇಳಿದಿರುತ್ತದೆ. ಪಥ್ಯದ್ದು ಇನ್ನೊಂದು ಆಟ. ಜಿಡ್ಡು ತಿಂದಾಗ ಪಿತ್ತಕೋಶ ಹಿಂಡಿಕೊಂಡು ನೋವು ಬರಬೇಕು. ನಾವು ತುಪ್ಪದ ಹನಿಯನ್ನೂ ಮುಟ್ಟಿಸಿರಲಿಲ್ಲವಲ್ಲ, ನೋವು ಹೇಳಿಕೊಳ್ಳುವಷ್ಟು ಬರಲೇ ಇಲ್ಲ. ಮದ್ದು ಹಿಡಿಯುತ್ತಿದೆ ಅಂದುಕೊಂಡೆವು.

ತುರಿಕೆ ಮಾತ್ರ ವಿಪರೀತ. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದ. ಪಕ್ಕದ ಮನೆಯವರು "ಒಳಗಿನ ವಿಷ ಹೊರಗೆ ಹೋಗ್ತಾ ಇದೆ" ಅಂದರು, ಆಯಿ ಬೇವಿನ ಸೊಪ್ಪಿನ ನೀರು ಕಾಸಿ ಮೀಸಿದಳು. ಈ "ವಿಷ ಹೊರಗೆ ಹೋಗುವುದು" ಅನ್ನುವ ಮಾತು ನನಗೆ ಈಗ ಕೇಳಿದರೆ ಮೈ ಉರಿಯುತ್ತದೆ. ಯಾವ ಲಕ್ಷಣ ಬಂದರೂ ಅದಕ್ಕೆ ಇದೇ ಉತ್ತರ. ಹೆಚ್ಚಾದರೆ ಹೊರಗೆ ಹೋಗುತ್ತಿದೆ, ಕಡಿಮೆಯಾದರೆ ಹೋಗಿ ಆಯಿತು.

ಹನ್ನೊಂದನೇ ದಿನ ರಾತ್ರಿ ನಡುಕ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗುವಷ್ಟು. ಬಲಪಕ್ಕೆಗೆ ಕೈ ಒತ್ತಿಕೊಂಡು "ಎಂತೂ ಆಜಿಲ್ಲೆ ಕೂಸೇ, ಮಲಕ್ಯ" (ಏನೂ ಆಗಿಲ್ಲ ಮಗಳೇ, ಮಲಗಿಕೋ) ಅಂತ ನನಗೇ ಸಮಾಧಾನ. ಬೆಳಗಿನ ಹೊತ್ತಿಗೆ ಮಾತು ತೊದಲಿತು. ಮಳೆಯಲ್ಲಿ ಹುಲಿಕಲ್ ಘಾಟಿ ಇಳಿದು ಕರಾವಳಿಯ ಆಸ್ಪತ್ರೆ ಮುಟ್ಟುವಾಗ ರಕ್ತದೊತ್ತಡ ಕೆಳಗೆ ಹೋಗಿತ್ತು. ಹಳದಿ, ಚಳಿಜ್ವರ, ಬಲಪಕ್ಕೆ ನೋವು, ಈ ಮೂರೂ ಒಟ್ಟಿಗೆ ಬಂದರೆ ಕಟ್ಟಿಕೊಂಡ ಪಿತ್ತದಲ್ಲಿ ಸೋಂಕು ಅಂತ ಅಲ್ಲಿನ ಕಿರಿಯ ಡಾಕ್ಟರು ನಿಂತ ನಿಲುವಿನಲ್ಲೇ ಹೇಳಿದರು. ಸ್ಕ್ಯಾನಿಂಗಿಗೆ ಹಿಡಿದದ್ದು ಹತ್ತು ನಿಮಿಷ. ನಾಳ ಉಬ್ಬಿದ್ದು ಪರದೆಯ ಮೇಲೆ ಕಾಣುತ್ತಿತ್ತು. ಕ್ಯಾಲೆಂಡರಿನ ಹಿಂದೆ ಇದ್ದ ಚೀಟಿ ಅದೇ ಸ್ಕ್ಯಾನಿಂಗಿನದ್ದು.

ಬಾಯಿಯಿಂದ ಕೊಳವೆ ಇಳಿಸಿ ನಾಳದ ಬಾಯಿ ಬಿಡಿಸಿ ಕಲ್ಲು ತೆಗೆಯುತ್ತಾರೆ, ಇಆರ್‌ಸಿಪಿ ಅಂತಾರೆ. ಅದನ್ನೂ ಕೂಡಲೇ ಮಾಡಲಾಗಲಿಲ್ಲ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲವಂತೆ, ಅದಿಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಮೊದಲು ಅದರ ಇಂಜೆಕ್ಷನ್, ಆಂಟಿಬಯೋಟಿಕ್, ಆಮೇಲೆ ಕೊಳವೆ. ಅಷ್ಟರಲ್ಲಿ ಮೂತ್ರಪಿಂಡ ಮುನಿಸಿಕೊಂಡು ಎರಡು ಸಲ ಡಯಾಲಿಸಿಸ್. ಹದಿನಾರು ದಿನ. ಆ ವರ್ಷದ ಫಸಲನ್ನು ಕೊಯ್ಲಿಗೆ ಮೊದಲೇ ಸಿಕ್ಕ ಬೆಲೆಗೆ ಚೇಣಿ ಕೊಟ್ಟೆವು. ಅಪ್ಪಯ್ಯ ಉಳಿದ. ಆದರೆ ಸೊಪ್ಪಿನ ಬೆಟ್ಟಕ್ಕೆ ಹತ್ತುವುದನ್ನು ಬಿಟ್ಟ, ತೋಟಕ್ಕೂ ಈಗ ಕೋಲು ಬೇಕು.

"ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ" ಅಂದಿರಲ್ಲ. ಅಪ್ಪಯ್ಯನ ಕಾಮಾಲೆಗೆ ಇತ್ತು. ಇಲಿಜ್ವರಕ್ಕೂ ಇದೆ, ಮಾಮೂಲಿ ಆಂಟಿಬಯೋಟಿಕ್ಕು, ಬೇಗ ಕೊಟ್ಟರೆ.

ನೆಲನೆಲ್ಲಿ ಸಂಶೋಧನೆಯಲ್ಲೂ ಗೆದ್ದಿದೆ ಅಂತ ನಿಮಗೆ ಯಾರಾದರೂ ಕಳಿಸಿಯೇ ಕಳಿಸುತ್ತಾರೆ. ಆಸ್ಪತ್ರೆಯ ವರಾಂಡದಲ್ಲಿ ನಿದ್ದೆಯಿಲ್ಲದೆ ನಾನೂ ಅದನ್ನು ಹುಡುಕಿ ಓದಿದೆ. ಮದ್ರಾಸಿನ ಸಂಶೋಧಕರು 1988ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಇಟ್ಟುಕೊಂಡಿದ್ದ 37 ಜನರಿಗೆ ಮೂವತ್ತು ದಿನ ನೆಲನೆಲ್ಲಿ ಪುಡಿ ಕೊಟ್ಟಾಗ 22 ಜನರ ರಕ್ತದಲ್ಲಿ ಆಮೇಲೆ ವೈರಸ್ಸಿನ ಗುರುತು ಸಿಗಲಿಲ್ಲ; ಸುಮ್ಮನೆ ಹುಸಿಮಾತ್ರೆ ನುಂಗಿದ 23ರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ದೊಡ್ಡ ಸುದ್ದಿಯೇ. ಆದರೆ ಬೇರೆ ಕಡೆ ಅದೇ ಪ್ರಯೋಗ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಸಿಕ್ಕಿದ್ದರೂ ನಮಗೇನು? ಕಲ್ಲಿಗೆ ವೈರಸ್ಸಿನ ಮದ್ದು ಏನು ಮಾಡೀತು?

ನಾನು ಮನೆಮದ್ದಿನ ಶತ್ರು ಅಂದುಕೊಳ್ಳಬೇಡಿ. ನೆಗಡಿಗೆ ಶುಂಠಿ-ಕಾಳುಮೆಣಸಿನ ಕಷಾಯ, ಮಗುವಿನ ಕೆಮ್ಮಿಗೆ ಬಾಡಿಸಿದ ದೊಡ್ಡಪತ್ರೆಯ ರಸ, ಊಟಕ್ಕೆ ಒಂದೆಲಗದ ತಂಬುಳಿ, ಇವೆಲ್ಲ ಈಗಲೂ ನಮ್ಮ ಮನೆಯಲ್ಲಿ ಇವೆ. ನೆಗಡಿ ಅಂತ ಗೊತ್ತಿದ್ದು ಕಷಾಯ ಕುಡಿಯುತ್ತೇವೆ. ಹಳದಿ ಕಣ್ಣಿನ ವಿಷಯದಲ್ಲಿ ನಮಗೆ ಗೊತ್ತಿರುವುದು ಕಣ್ಣು ಹಳದಿ ಅಂತ ಮಾತ್ರ. ಇನ್ನು ಮೂಗಿಗೆ ಯಾವುದೋ ಕಾಯಿಯ ರಸ ಬಿಟ್ಟು ಹಳದಿ ನೀರು ಸುರಿಸಿ "ನೋಡಿ, ಕಾಮಾಲೆ ಇಳೀತು" ಅನ್ನುವವರು, ಕೈಗೆ ಬರೆ ಹಾಕುವವರು ಇದ್ದಾರಲ್ಲ, ಅವರ ಅಂಗಳಕ್ಕೆ ಕಾಲಿಡಬೇಡಿ. ಮೂಗಿನಿಂದ ಬರುವುದು ಮೂಗಿನ ಉರಿಯ ನೀರು. ಪಿತ್ತಕ್ಕೆ ಮೂಗಿನ ಕಡೆ ದಾರಿಯೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೀವು ಕೇಳಿದ ಹಾಗೆ ಉತ್ತರ ಕೊಡಲಾರೆ. ಎಷ್ಟು ದಿನ ಅನ್ನುವುದು ಆಮೇಲಿನ ಮಾತು. ಈಗಲೇ ಎದ್ದು ಹೋಗಿ ಅಪ್ಪನನ್ನು ಕೇಳಿ, ಬಣ್ಣ ಏನು ಅಂತ. ನಿಮಗೆ ಆಗದಿದ್ದರೆ ಅಮ್ಮನ ಕೈಲಿ ಕೇಳಿಸಿ, ಅವರು ಸರಿ ಇದೆ ಅಂದರೂ ಬ್ಯಾಟರಿ ಕೊಟ್ಟು ಕಳಿಸಿ. ತುರಿಕೆ ಇದೆಯಾ, ತೂಕ ಇಳಿದಿದೆಯಾ, ಚಳಿ ಬಂದಿತ್ತಾ ಕೇಳಿ. ಜ್ವರ-ನಡುಕ ಇದ್ದರೆ, ಮಾತು ಮಂಕಾದರೆ ಬೆಳಗಾಗುವುದನ್ನು ಕಾಯಬೇಡಿ, ಈ ರಾತ್ರಿಯೇ ಹೊರಡಿ. ಇಷ್ಟು ದಿನ ಏನೇನು ಕುಡಿಸಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ, ಬೈದರೆ ಬೈಸಿಕೊಳ್ಳಿ. ಪರೀಕ್ಷೆಯೆಲ್ಲ ಆಗಿ, ಇದು ನೀರಿನಿಂದ ಬಂದದ್ದು, ತಾನಾಗಿ ಇಳಿಯುತ್ತದೆ ಅಂತ ಅವರೇ ಹೇಳಿದರೆ, ಆಗ ನೆಲನೆಲ್ಲಿ ಕೊಡಲಾ ಅಂತ ಅವರನ್ನೇ ಕೇಳಿ.

ಮೇಲಿನದ್ಯಾವುದೂ ಇಲ್ಲದಿದ್ದರೂ ನಾಳೆ ಬೆಳಿಗ್ಗೆ ಹಾಲೂ ಬೇಡ, ಮಜ್ಜಿಗೆಯೂ ಬೇಡ. ಹೊಟ್ಟೆಯ ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು.