ಟ್ರಕ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಕಲ್ಲು, ಕೆಸರು ತಾಗದಂತೆ ತಳಕ್ಕೆ ಯಾವ ತಗಡು ಹಾಕಿಸಲಿ?

ಉಕ್ಕಿನದೋ ಅಲ್ಯೂಮಿನಿಯಂನದೋ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಓಡಾಡಿದ್ದೆ. ಉಕ್ಕಿನದನ್ನೇ ಹಾಕಿಸಿದೆ. ಎಂಟು ತಿಂಗಳಲ್ಲಿ ಗೇರ್‌ಬಾಕ್ಸ್ ಕಳೆದುಕೊಂಡೆ. ತಗಡು ಕೊನೆಯವರೆಗೂ ಒಂದು ಕಲ್ಲನ್ನೂ ತಾಗಗೊಡಲಿಲ್ಲ. ಕೊಳೆ ಒಳಹೊಕ್ಕದ್ದು ನೆತ್ತಿಯಿಂದ.

ಗೇರ್‌ಬಾಕ್ಸ್‌ನ ಮೇಲ್ಭಾಗದಿಂದ ಬೆರಳಿಗಿಂತ ಸಣ್ಣದಾದ ರಬ್ಬರ್ ಪೈಪೊಂದು ಹೊರಟು ಎಂಜಿನ್ ಕಡೆಗೆ ಏರಿರುತ್ತದೆ. ಅದು ಬ್ರೀದರ್, ಗೇರ್‌ಬಾಕ್ಸ್ ಉಸಿರಾಡುವ ದಾರಿ. ತಗಡು ಕೂರಿಸುವ ದಿನ ನಾನೇ ಟ್ರಕ್‌ನ ಕೆಳಗೆ ಮಲಗಿದ್ದೆ. ಆ ಪೈಪನ್ನು ಹಿಡಿದಿದ್ದ ಕ್ಲಿಪ್ ಮುರಿದು, ಪೈಪು ಸೈಲೆನ್ಸರ್ ಪಕ್ಕದಲ್ಲಿ ಜೋತುಬಿದ್ದಿತ್ತು. ಸುಟ್ಟುಹೋದೀತು ಎಂದು ಅದನ್ನು ಕೆಳಕ್ಕೆಳೆದು ಪ್ಲಾಸ್ಟಿಕ್ ಪಟ್ಟಿಯಿಂದ ಚಾಸಿಗೆ ಬಿಗಿದೆ. ಮಳೆನೀರು ಇಳಿಯದಿರಲಿ ಎಂದು ಬಾಯಿಯನ್ನು ನೆಲದ ಕಡೆಗೆ ತಿರುಗಿಸಿದೆ. ಎರಡು ನಿಮಿಷದ ಕೆಲಸ. ನನ್ನ ಇಡೀ ನಷ್ಟ ಹುಟ್ಟಿದ್ದು ಆ ಎರಡು ನಿಮಿಷಗಳಲ್ಲಿ.

ಯಾಕೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಂದು ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಓಡುವಾಗ ಒಳಗಿನ ಆಯಿಲ್ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಜೊತೆಗೆ ಗಾಳಿಯೂ ಕಾದು ಹಿಗ್ಗಿ, ಹೆಚ್ಚಾದದ್ದು ಬ್ರೀದರ್ ಮೂಲಕ ಹೊರಹೋಗುತ್ತದೆ. ಇದೇ ಸ್ಥಿತಿಯಲ್ಲಿ ಟ್ರಕ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಹೊರಕವಚ ಒಮ್ಮೆಲೇ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಗೇರ್‌ಬಾಕ್ಸ್ ಹೊರಗಿನಿಂದ ಉಸಿರು ಎಳೆದುಕೊಳ್ಳುತ್ತದೆ. ಪೈಪಿನ ಬಾಯಿ ಮೇಲಿದ್ದರೆ ಬರುವುದು ಬರಿಯ ಗಾಳಿ. ನನ್ನ ಪೈಪಿನ ಬಾಯಿ ನೀರಿನೊಳಗೆ ಇತ್ತು. ಮಳೆಗಾಲವಿಡೀ ವಾರಕ್ಕೆರಡು ಬಾರಿ ಅದೇ ಹಳ್ಳವನ್ನು, ಅದೂ ದೂರದಿಂದ ಕಾದುಬಂದ ಗಾಡಿಯಲ್ಲಿ ದಾಟಿದೆ. ಪ್ರತಿ ಸಲವೂ ಅದು ಒಂದೊಂದು ಗುಟುಕು ಕೆಸರುನೀರು ಕುಡಿದಿದೆ.

ಮೊದಲು ಗೇರ್ ಬದಲಾಗುವಾಗ ಸಣ್ಣ ಅದುರು. ರಸ್ತೆಯದ್ದೆಂದುಕೊಂಡೆ. ಒಂದು ದಿನ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದರೆ ಕೆಂಪಗೆ, ತಿಳಿಯಾಗಿ ಇರಬೇಕಾದ ಆಯಿಲ್ ಗುಲಾಬಿ ಬಣ್ಣದ ಹಾಲಿನಂತೆ ನೊರೆಗಟ್ಟಿತ್ತು. ಬಿಚ್ಚಿದಾಗ ಮೆಕ್ಯಾನಿಕ್ ಒಂದು ಕ್ಲಚ್ ಪ್ಲೇಟನ್ನು ನನ್ನ ಕೈಗಿಟ್ಟರು. ಉಗುರು ತಾಗಿಸಿದ್ದಷ್ಟೇ, ಮೇಲಿನ ಪದರ ನೆನೆದ ರಟ್ಟಿನಂತೆ ಎದ್ದುಬಂತು. ಆ ಪದರ ಅಂಟಿನ ಬಲದಿಂದ ನಿಂತಿರುತ್ತದೆ, ನೀರು ಸೇರಿದರೆ ಅಂಟು ಬಿಡುತ್ತದೆ. ಹೀಗೆ ಕಳಚಿದ ಚೂರುಗಳು, ಜೊತೆಗೆ ಹಳ್ಳದ ಸಣ್ಣ ಮರಳು, ಆಯಿಲ್‌ನ ಹರಿವನ್ನು ತಿರುಗಿಸಿ ಗೇರ್ ಬದಲಿಸುವ ವಾಲ್ವ್ ಬಾಡಿಗೆ ಹೋಗಿ ಸಿಕ್ಕಿಕೊಂಡಿದ್ದವು. ಅಲ್ಲಿನ ವಾಲ್ವ್‌ಗಳ ಸಂದು ಕೂದಲೆಳೆಗಿಂತ ಕಿರಿದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಬರೆದಿರುವಂತೆ ಓಡಾಟ ಮಣ್ಣುರಸ್ತೆಯಲ್ಲಿ, ನಡುವೆ ಹಳ್ಳಗಳು, ಬಂಡೆಗಳಿಲ್ಲ. ಹಾಗಿದ್ದರೆ ತಗಡು ನಿಮ್ಮ ಮೊದಲ ಖರ್ಚಾಗಬಾರದು. ಬಂಡೆಗಳ ಮೇಲೆ ಓಡಿಸುವವರಿಗೆ ಅದು ಬೇಕೇ ಬೇಕು. ಗೇರ್‌ಬಾಕ್ಸ್‌ನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಆಯಿಲ್ ಪ್ಯಾನ್, ಸೋರದೆ ಬರಿಯ ತಗ್ಗುಬಿದ್ದರೂ ಅದು ಒಳಗಿನ ಫಿಲ್ಟರ್‌ನ ಬಾಯಿಗೆ ಒತ್ತಿಕೊಂಡು ಪಂಪ್‌ಗೆ ಆಯಿಲ್ ಸಿಗದಂತೆ ಮಾಡಬಲ್ಲದು. ನಿಮಗಾದರೋ ತಗಡು ಮತ್ತು ಪ್ಯಾನ್ ನಡುವೆ ಕೆಸರು ಹೆಪ್ಪುಗಟ್ಟಿ, ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆ. ಹಾಕಿಸಲೇಬೇಕೆಂದಿದ್ದರೆ ದೊಡ್ಡ ತೂತುಗಳಿರುವ, ಸುಲಭವಾಗಿ ಬಿಚ್ಚಬಲ್ಲ ತಗಡನ್ನೇ ಹಾಕಿಸಿ. ಲೋಹ ಯಾವುದಾದರೂ ಸರಿ.

ಅದಕ್ಕಿಂತ ಮುಂಚೆ ಬ್ರೀದರ್ ಪೈಪನ್ನು ಉದ್ದಮಾಡಿಸಿ ಎಂಜಿನ್ ಕೋಣೆಯ ಎತ್ತರದ ಮೂಲೆಗೆ ಒಯ್ಯಿಸಿ, ತುದಿಗೆ ಪುಟ್ಟ ಫಿಲ್ಟರ್ ಹಾಕಿಸಿ. ರೇಡಿಯೇಟರ್ ಮುಂದೆ ಪ್ರತ್ಯೇಕ ಆಯಿಲ್ ಕೂಲರ್ ಇದ್ದರೆ ಅದರ ರೆಕ್ಕೆಗಳಲ್ಲಿ ಸೇರಿದ ಮಣ್ಣು, ಹುಳುಗಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಹೆಚ್ಚು ಒತ್ತಡದ ನೀರನ್ನು ಸೀಲ್‌ಗಳಿಗೆ, ಬ್ರೀದರ್‌ಗೆ, ವೈರ್ ಜೋಡಣೆಗಳಿಗೆ ನೇರವಾಗಿ ಹಿಡಿಯಲೇಬೇಡಿ, ಸರ್ವಿಸ್ ಮಾಡುವವರು ಹಿಡಿದರೆ ತಡೆಯಿರಿ. ಡಿಪ್‌ಸ್ಟಿಕ್ ಎಳೆಯುವ ಮೊದಲು ಅದರ ಸುತ್ತಲಿನ ಧೂಳನ್ನು ಒರೆಸಿ, ಕಡ್ಡಿಯನ್ನು ನೂಲು ಬಿಡದ ಬಟ್ಟೆಯಿಂದಲೇ ಒರೆಸಿ. ಹಳೆಯ ಬನಿಯನ್ ಬಟ್ಟೆಯ ನೂಲೂ ಒಳಗೆ ಹೋದರೆ ಕಸವೇ.

ಇನ್ನೊಂದು ವಿಷಯ, ಇದು ನಿಮಗೆ ಬೇಕಾಗದಿರಲಿ. ಗೇರ್‌ಬಾಕ್ಸ್ ಹೊಸದಾಗಿ ಕೂರಿಸುವ ಸಂದರ್ಭ ಬಂದರೆ ಹಳೆಯ ಕೂಲರ್ ಮತ್ತು ಅದರ ಪೈಪುಗಳನ್ನು ಪೂರ್ತಿ ತೊಳೆಸಿ, ಇಲ್ಲವೇ ಬದಲಿಸಿ. ಹಳೆಯದರ ಚೂರುಗಳು ಅಲ್ಲಿಯೇ ಅಡಗಿರುತ್ತವೆ, ಹೊಸದರೊಳಗೆ ನೇರವಾಗಿ ಹೋಗುತ್ತವೆ. ನನ್ನ ಮೆಕ್ಯಾನಿಕ್ ಹೊಸ ಕೂಲರ್ ಹಾಕದೆ ಗಾಡಿ ಕೊಡುವುದಿಲ್ಲ ಎಂದು ಹಟ ಹಿಡಿದರು. ಆ ಹಟಕ್ಕೆ ನಾನು ಇಂದಿಗೂ ಋಣಿ.

ತಗಡಿಗೆ ದುಡ್ಡು ಕೊಡುವ ಮೊದಲು, ಎಂಜಿನ್ ತಣಿದ ಮೇಲೆ ಟ್ರಕ್‌ನ ಕೆಳಗೆ ಮಲಗಿ ಬ್ರೀದರ್ ಪೈಪನ್ನು ಬುಡದಿಂದ ತುದಿಯವರೆಗೆ ಕೈಯಾಡಿಸಿ ನೋಡಿ. ತುದಿ ಎಲ್ಲಿದೆ ಎಂದು ಇಲ್ಲಿ ಬರೆಯಿರಿ. ಅದರ ಬಾಯಲ್ಲಿ ಒಣಗಿದ ಕೆಸರು ಕಂಡರೆ, ಆಯಿಲ್ ಪರೀಕ್ಷಿಸುವವರೆಗೆ ಗಾಡಿಯನ್ನು ಹೊರತೆಗೆಯಬೇಡಿ.