ತಲೆಯಾಡಿಸುವ ತರಗತಿಗೆ ಲಾರಿ, ಕಾರಿನ ಪ್ರಶ್ನೆ

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ತರಗತಿಯಲ್ಲಿ ಎಂಬತ್ತು ಮಂದಿ. ‘ಅರ್ಥವಾಯಿತೇ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಇಬ್ಬರ ಹೊರತು ಯಾರೂ ಬಾಯಿ ಬಿಡುವುದಿಲ್ಲ. ಚರ್ಚೆಯ ಮೂಲಕ ಕಲಿಸಲು ಹೋದೆ, ‘ಮೇಡಂ ಪಾಠವನ್ನೇ ಮಾಡುವುದಿಲ್ಲ’ ಎಂಬ ದೂರು ಪ್ರಾಂಶುಪಾಲರವರೆಗೆ ಹೋಯಿತು. ಮತ್ತೆ ಉಪನ್ಯಾಸಕ್ಕೇ ಮರಳಲೇ?

ಉತ್ತರ: ಮರಳಬೇಡಿ. ದೂರಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಆ ತಲೆಯಾಟದ ಮಾತು.

ಅದನ್ನು ನಂಬಿ ಮೋಸಹೋದವರಲ್ಲಿ ನೀವು ಮೊದಲಿಗರಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ 1984ರಿಂದ ಭೌತಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿಗಳು ಅವರ ಪಾಠವನ್ನು ಮೆಚ್ಚುತ್ತಿದ್ದರು, ಕಠಿಣ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಸೂತ್ರ ಬಲ್ಲವರೂ ‘ಬಲ’ ಎಂದರೇನು ಎಂಬಲ್ಲಿ ಎಡವುತ್ತಾರೆ ಎಂದು ಅರಿಜೋನಾದ ಸಂಶೋಧಕರಾದ ಹಲ್ಲೂನ್ ಮತ್ತು ಹೆಸ್ಟೆನಸ್ ಬರೆದದ್ದು 1990ರಲ್ಲಿ ಮಜೂರ್ ಕಣ್ಣಿಗೆ ಬಿತ್ತು. ನಮ್ಮವರು ಹಾಗಲ್ಲ ಎಂಬ ಧೈರ್ಯದಲ್ಲೇ ಬಲದಂಥ ಪರಿಕಲ್ಪನೆಗಳ ಪರೀಕ್ಷೆಯನ್ನು ತಮ್ಮ ವಿದ್ಯಾರ್ಥಿಗಳಿಗೂ ಕೊಟ್ಟು ನೋಡಿದರು. ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ಮಾಮೂಲಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಒಬ್ಬ ವಿದ್ಯಾರ್ಥಿಯ ಕಡೆಯಿಂದ ಪ್ರಶ್ನೆ ಬಂತು. ಮೇಷ್ಟರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ?

ಮರುವರ್ಷವೇ ಮಜೂರ್ ಕ್ರಮ ಬದಲಿಸಿದರು. ಹತ್ತು ನಿಮಿಷ ಪಾಠ, ನಂತರ ಒಂದು ಪ್ರಶ್ನೆ. ಉದಾಹರಣೆಗೆ: ಭಾರವಾದ ಲಾರಿಯೊಂದು ಸಣ್ಣ ಕಾರಿಗೆ ಡಿಕ್ಕಿ ಹೊಡೆಯಿತು. ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕಿತು? ಪ್ರತಿಯೊಬ್ಬರೂ ಮೊದಲು ತಾವೇ ಯೋಚಿಸಿ ಒಂದು ಉತ್ತರಕ್ಕೆ ಕಟ್ಟುಬೀಳಬೇಕು. ಸರಿಯುತ್ತರ ಕೊಟ್ಟವರು ಶೇ 30ರಿಂದ 70ರ ನಡುವೆ ಇದ್ದರೆ, ಬೇರೆ ಉತ್ತರ ಆರಿಸಿದ ಪಕ್ಕದವರನ್ನು ಒಪ್ಪಿಸಲು ಎರಡು ಮೂರು ನಿಮಿಷ, ಮತ್ತೆ ಮತ. ವಿವರಣೆ ಕೊನೆಗೆ. ಕಡಿಮೆ ಬಂದರೆ ಪಾಠವನ್ನೇ ಮತ್ತೊಮ್ಮೆ ಮಾಡಬೇಕು, ಹೆಚ್ಚು ಬಂದರೆ ಮುಂದಕ್ಕೆ.

ನಿಮ್ಮ ಚರ್ಚೆ ಕೈಕೊಟ್ಟದ್ದು ಬಹುಶಃ ‘ಕಟ್ಟುಬೀಳುವ’ ಹಂತ ಇಲ್ಲದೆ. ‘ಚರ್ಚಿಸಿ’ ಎಂದಷ್ಟೇ ಹೇಳಿದರೆ ಪಕ್ಕದವನ ಹತ್ತಿರ ಚರ್ಚಿಸಲು ಸಿನಿಮಾ ಇದೆ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಎಲ್ಲರೂ ಒಟ್ಟಿಗೆ ಎದೆಯ ಹತ್ತಿರ ಬೆರಳು ಹಿಡಿದು ತೋರಿಸಲಿ: ಒಂದು ಎಂದರೆ ಲಾರಿ, ಎರಡು ಎಂದರೆ ಕಾರು, ಮೂರು ಎಂದರೆ ಸಮ. ಮತ ಹಾಕುವ ಯಂತ್ರಗಳಿಗೆ ಹಣ ಸುರಿಯಬೇಕಿಲ್ಲ. ರಟ್ಟಿನ ಕಾರ್ಡು ಹಿಡಿದವರೂ ಯಂತ್ರ ಒತ್ತಿದವರೂ ಒಂದೇ ಮಟ್ಟದಲ್ಲಿ ಕಲಿತರೆಂದು ಕೆನಡಾದ ನಥಾನಿಯಲ್ ಲಾಸ್ರಿ 2008ರಲ್ಲೇ ತೋರಿಸಿದ್ದಾರೆ.

ಇದೇ ಪ್ರಶ್ನೆಯನ್ನು ನಾನು ಕೇಳಿದ ದಿನ ಬಹುತೇಕರು ಒಂದು ಬೆರಳು ಹಿಡಿದರು. ಗದ್ದಲ ಎದ್ದಿತು. ಹಿಂದಿನ ಬೆಂಚಿನ ಹುಡುಗನೊಬ್ಬ ರಬ್ಬರನ್ನು ಕಂಪಾಸ್ ಡಬ್ಬಿಗೆ ಗುದ್ದಿಸಿದ. ರಬ್ಬರು ಹಾರಿಹೋಯಿತು, ಡಬ್ಬಿ ಅಲುಗಲಿಲ್ಲ. ‘ಪೆಟ್ಟು ಇಬ್ಬರಿಗೂ ಒಂದೇ, ಇದು ಹಗುರ, ಅದಕ್ಕೇ ಹಾರಿತು’ ಎಂದ. ನ್ಯೂಟನ್ನನ ಮೂರನೆಯ ನಿಯಮವನ್ನು ಕನ್ನಡದಲ್ಲಿ ಅಷ್ಟು ಚೊಕ್ಕವಾಗಿ ನಾನೂ ಹೇಳಿರಲಿಲ್ಲ. ಇಂಗ್ಲಿಷ್ ಪಾಠಕ್ಕೆ ವರ್ಷವಿಡೀ ಬಾಯಿ ಬಿಡದಿದ್ದ ಹುಡುಗ ಅವನು. ಕನ್ನಡ ಮಾಧ್ಯಮದಿಂದ ಬಂದವರ ಮೌನವನ್ನು ನಾವು ನಿರಾಸಕ್ತಿ ಎಂದು ಸುಲಭವಾಗಿ ಬರೆದುಬಿಡುತ್ತೇವೆ. ಪಕ್ಕದವನೊಂದಿಗಿನ ವಾದ ಯಾವ ಭಾಷೆಯಲ್ಲಿ ನಡೆದರೂ ತಡೆಯಬೇಡಿ.

ಇನ್ನು ದೂರು. 2019ರಲ್ಲಿ ಹಾರ್ವರ್ಡ್‌ನಲ್ಲೇ ಲೂಯಿ ಡೆಲೋರಿಯೇ ಮತ್ತು ಸಂಗಡಿಗರು ಒಂದೇ ವಿಷಯವನ್ನು ನಯವಾದ ಉಪನ್ಯಾಸದಲ್ಲೂ, ವಿದ್ಯಾರ್ಥಿಗಳೇ ತಿಣುಕಾಡುವ ತರಗತಿಯಲ್ಲೂ ಕಲಿಸಿದರು. ತಿಣುಕಾಡಿದವರು ಹೆಚ್ಚು ಕಲಿತಿದ್ದರು. ಆದರೆ ಕಡಿಮೆ ಕಲಿತೆವು ಎಂದುಕೊಂಡಿದ್ದರು. ಕೇಳುತ್ತಾ ಕೂತರೆ ಎಲ್ಲವೂ ತಿಳಿದಂತೆನಿಸುತ್ತದೆ. ನಿಮ್ಮ ವಿದ್ಯಾರ್ಥಿಗಳು ಸುಳ್ಳು ಹೇಳಿಲ್ಲ, ತಮಗೆ ಅನಿಸಿದ್ದನ್ನೇ ಹೇಳಿದ್ದಾರೆ. ಆದ್ದರಿಂದ ಸೆಮಿಸ್ಟರಿನ ಮೊದಲ ವಾರದಲ್ಲೇ ಈ ಸಂಗತಿಯನ್ನು ಅವರ ಮುಂದಿಡಿ. ಸಿಲಬಸ್ ಮುಗಿಸುವ ಚಿಂತೆಗೆ ಮಜೂರ್ ಹಿಡಿದ ದಾರಿ, ಓದನ್ನು ಮನೆಗೆ ಕಳಿಸುವುದು. ನಮ್ಮಲ್ಲಿ ಎಲ್ಲರೂ ಓದಿ ಬರುವುದಿಲ್ಲ, ನಿಜ. ವಾರಕ್ಕೆ ಎರಡು ಪ್ರಶ್ನೆಗಳಿಂದ ಶುರುಮಾಡಿ, ಸಾಕು.

ಪ್ರಾಂಶುಪಾಲರಿಗೆ ಅಂಕಿಅಂಶ ಬೇಕಾದರೆ ಸ್ಕಾಟ್ ಫ್ರೀಮನ್ ತಂಡದ 2014ರ ವಿಶ್ಲೇಷಣೆ ಇದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಅದು ಒಟ್ಟುಗೂಡಿಸಿತು. ಬರೀ ಉಪನ್ಯಾಸದ ತರಗತಿಗಳಲ್ಲಿ ನಪಾಸಾದವರು ಸುಮಾರು ಶೇ 34, ವಿದ್ಯಾರ್ಥಿಗಳು ತೊಡಗಿಕೊಂಡ ತರಗತಿಗಳಲ್ಲಿ ಸುಮಾರು ಶೇ 22. ಅಂಕಿಗೂ ಬಗ್ಗದಿದ್ದರೆ ಒಂದು ದಿನ ಅವರನ್ನೇ ಕೊನೆಯ ಬೆಂಚಿಗೆ ಕರೆಯಿರಿ. ಲಾರಿ, ಕಾರಿನ ಪ್ರಶ್ನೆಗೆ ಅವರೂ ಬೆರಳು ಹಿಡಿಯಲಿ.