ಮಡಿಕೇರಿಯಿಂದ ಸ್ಪೋರ್ಟ್ಸ್ ಕಾರನ್ನು ಘಾಟಿ ಇಳಿಸಿ ಒಯ್ಯಲು ಎಂಥ ಮುಚ್ಚಿದ ಟ್ರೈಲರ್ ಬೇಕು?

ಮೊದಲು ತೂಕದ ಲೆಕ್ಕ. ಕಾರು 1,400 ಕೆಜಿ ಅಂದುಕೊಳ್ಳಿ. ಎರಡು ಆಕ್ಸಲ್‌ನ 18 ಅಡಿ ಟ್ರೈಲರ್ ತಾನೇ ಸುಮಾರು 1,200 ಕೆಜಿ ತೂಗುತ್ತದೆ. ಟೈರು, ಜಾಕ್, ಟೂಲ್ಸ್ ಸೇರಿಸಿ 2,800 ಹಿಡಿಯಿರಿ. ಎಳೆಯುವ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಎಳೆಯುವ ತೂಕದ ಮಿತಿ ಇದಕ್ಕಿಂತ ಹೆಚ್ಚಿರಲೇಬೇಕು.

ಎಂಜಿನ್ ಎಳೆಯುತ್ತದೋ ಇಲ್ಲವೋ ಅನ್ನುವುದಕ್ಕಿಂತ ಸಂಪಾಜೆ ಘಾಟಿಯಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಿ. ಟ್ರೈಲರ್ ಮುಂದಕ್ಕೆ ತಳ್ಳಿದಾಗ ಹಿಡಿಯುವ ಸರ್ಜ್ ಬ್ರೇಕ್ ಉದ್ದ ಇಳಿಜಾರಿನಲ್ಲಿ ಬಿಡದೆ ಹಿಡಿದುಕೊಂಡೇ ಇದ್ದು ಬಿಸಿಯೇರುತ್ತದೆ, ಆಮೇಲೆ ಕೈಕೊಡುತ್ತದೆ. ಎರಡೂ ಆಕ್ಸಲ್‌ಗೆ ಎಲೆಕ್ಟ್ರಿಕ್ ಬ್ರೇಕ್, ಡ್ರೈವರ್ ಕೈಗೆಟಕುವ ಕಂಟ್ರೋಲರ್, ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಾಕುವ ಸ್ವಿಚ್ ಇರಲಿ. ಇದರಲ್ಲಿ ಮಾತ್ರ ಜುಗ್ಗತನ ಬೇಡ.

ಒಟ್ಟು ತೂಕದ ಶೇ. 10ರಿಂದ 15 ಕೊಂಡಿಯ ಮೇಲೆ ಬೀಳಬೇಕು, ಅಂದರೆ ಇಲ್ಲಿ 280–420 ಕೆಜಿ. ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ. ಕಾರನ್ನು ಸ್ವಲ್ಪ ಮುಂದೆ ಸರಿಸಿ. ಗಾಡಿಯ ಕೊಂಡಿಗೂ ಇಷ್ಟು ಭಾರ ತಡೆಯುವ ಶಕ್ತಿ ಬೇಕು.

ಒಳಗೆ ಹತ್ತಿಸಿದ ಮೇಲೆ ಕಾರಿನ ಬಾಗಿಲು ತೆರೆಯಲು ಬರದೆ ಡ್ರೈವರ್ ಸಿಕ್ಕಿಕೊಳ್ಳುವುದು ಮಾಮೂಲು. ನಮ್ಮ ಕಾರುಗಳಿಗೆ ಟ್ರೈಲರ್‌ನ ಬಲಬದಿಯಲ್ಲಿ ದೊಡ್ಡ ಬಾಗಿಲಿರಬೇಕು, ಇಲ್ಲವೇ ಕಾರನ್ನು ಹಗ್ಗದಿಂದ ಒಳಗೆಳೆಯುವ ವಿಂಚ್ ಹಾಕಿಸಿ. ಬಂಪರ್ ಉಜ್ಜದಂತೆ ರ‍್ಯಾಂಪ್ ಉದ್ದವಿರಲಿ. ಕಟ್ಟುವ ಪಟ್ಟಿ ನಾಲ್ಕೂ ಚಕ್ರಕ್ಕೇ ಹಾಕಿ, ಬಾಡಿಗಲ್ಲ.

ಕೊಡಗಿನ ಮಳೆಗಾಲಕ್ಕೆ ಇನ್ನೊಂದು: ಕೊಳ್ಳುವ ಮುಂಚೆ ಚಾವಣಿಗೆ ಪೈಪಿನಿಂದ ನೀರು ಬಿಟ್ಟು ಸೋರುತ್ತದೆಯೇ ನೋಡಿ. ಗಾಳಿಕಿಂಡಿ ಇಲ್ಲದಿದ್ದರೆ ಸೀಟಿಗೆ ಬೂಷ್ಟು ಹಿಡಿಯುತ್ತದೆ.